ನಿಂತ ಗಡಿಯಾರ ತೋರಿಸಿದ ಸರಿಯಾದ ಹೊತ್ತು

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಾ ಹೋದಂತೆ ಬೇರೆ ಬೇರೆ ಕೈಬರಹಗಳಲ್ಲಿ ಒಂದೇ ಪ್ರಶ್ನೆ ಕಾಣತೊಡಗಿತು: ನಂಬಿದ್ದು ಯಾವಾಗ ತಿಳಿದದ್ದಾಗುತ್ತದೆ? 28 ವರ್ಷ ತರ್ಕಶಾಸ್ತ್ರ ಪಾಠ ಮಾಡಿದವಳು ನಾನು. ನಿವೃತ್ತಿಯಾದ ಮೇಲೂ ನನ್ನನ್ನು ಬಿಡದ ಪ್ರಶ್ನೆ ಇದು. ಹಾಗಾಗಿ ಈ ಸಂಚಿಕೆಯ ಪುಟಗಳನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇನೆ, ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ.

ಪ್ರಶ್ನೆ (ಪದವಿ ವಿದ್ಯಾರ್ಥಿನಿ): ಮೇಡಂ, ‘ಜ್ಞಾನವೆಂದರೆ ಸಮರ್ಥನೆಯುಳ್ಳ ಸತ್ಯವಾದ ನಂಬಿಕೆ’ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ. ಆದರೆ ನಂಬಿದ್ದು ನಿಜವಾಗಿದ್ದರೆ ಸಾಲದೇ? ನಡುವೆ ಈ ‘ಸಮರ್ಥನೆ’ ಯಾಕೆ ಬೇಕು?

ಬಾಯಿಪಾಠ ಮಾಡಿದ ಮೇಲೂ ಕೇಳಿದಿರಲ್ಲ, ಬಹಳ ಸಂತೋಷ. ಹೊಸ ತರಗತಿಯ ಮೊದಲ ದಿನ ನಾನು ಸೀಮೆಸುಣ್ಣದ ಚೂರುಗಳನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು “ಎಷ್ಟಿವೆ?” ಎಂದು ಕೇಳುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಸಂಖ್ಯೆ ಕೂಗುತ್ತಿದ್ದರು. ಯಾರೋ ಒಬ್ಬಳು “ಐದು” ಅಂದಿರುತ್ತಿದ್ದಳು, ಮುಷ್ಟಿ ಬಿಚ್ಚಿದರೆ ಐದೇ. “ಇವಳಿಗೆ ಗೊತ್ತಿತ್ತಾ?” ಎಂದರೆ ಇಡೀ ತರಗತಿ ಒಂದೇ ದನಿಯಲ್ಲಿ “ಇಲ್ಲ” ಅನ್ನುತ್ತಿತ್ತು. ಪಾಠ ಅಲ್ಲಿಗೇ ಅರ್ಧ ಮುಗಿದಂತೆ. ಈ ಆಟ ನಾನು ಕಂಡುಹಿಡಿದದ್ದಲ್ಲ. 12ನೇ ಶತಮಾನದ ಶ್ರೀಹರ್ಷ ತನ್ನ ‘ಖಂಡನಖಂಡಖಾದ್ಯ’ದಲ್ಲಿ ಮುಷ್ಟಿಯೊಳಗಿನ ಕವಡೆಗಳ ಸಂಖ್ಯೆಯನ್ನು ಊಹಿಸಿ ಗೆದ್ದವನನ್ನು ಎದುರಿಗೆ ನಿಲ್ಲಿಸುತ್ತಾನೆ. ‘ಇದ್ದದ್ದನ್ನು ಇದ್ದಂತೆ ತಿಳಿಯುವುದೇ ಜ್ಞಾನ’ ಎನ್ನುವವರಿಗೆ ಅವನ ಸವಾಲು ಇದು: ಇವನೂ ಇದ್ದದ್ದನ್ನೇ ಹೇಳಿದನಲ್ಲ, ಇವನನ್ನು ಏನೆನ್ನುತ್ತೀರಿ?

ಹಾಗಾದರೆ ಊಹೆಗೆ ಆಧಾರ ಸೇರಿದರೆ ಸಾಕೇ? ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಸಾಕ್ರಟೀಸ್ ಹೇಳುವುದು ಹೀಗೆ: ಲಾರಿಸ್ಸಾ ಊರಿನ ದಾರಿಯನ್ನು ತಿಳಿದವನೂ, ಸುಮ್ಮನೆ ಸರಿಯಾಗಿ ಅಂದುಕೊಂಡವನೂ ನಿಮ್ಮನ್ನು ಊರು ಮುಟ್ಟಿಸುತ್ತಾರೆ. ವ್ಯತ್ಯಾಸವೆಲ್ಲಿ ಅಂದರೆ, ಸರಿಯಾದ ಅಭಿಪ್ರಾಯಗಳು ಗ್ರೀಕ್ ಪುರಾಣದ ಶಿಲ್ಪಿ ಡೀಡಲಸ್ ಮಾಡಿದ ವಿಗ್ರಹಗಳ ಹಾಗೆ. ಕಟ್ಟಿಹಾಕದಿದ್ದರೆ ಎದ್ದು ಓಡಿಹೋಗುತ್ತವೆ. ಯಾಕೆ ಎಂಬುದರ ಹಗ್ಗದಿಂದ ಬಿಗಿದಾಗ ಮಾತ್ರ ನಿಲ್ಲುತ್ತವೆ. ನಿಮ್ಮ ಪಠ್ಯದ ‘ಸಮರ್ಥನೆ’ ಈ ಹಗ್ಗವೇ.

ಆದರೆ ಹಗ್ಗವೂ ಕೈಕೊಡುತ್ತದೆ. ಗೋಡೆಯ ಗಡಿಯಾರ ನೋಡಿ ‘ಮೂರು ಗಂಟೆ’ ಅಂದುಕೊಳ್ಳುತ್ತೀರಿ. ನಿಜಕ್ಕೂ ಆಗ ಮೂರು ಗಂಟೆಯೇ. ಆದರೆ ಗಡಿಯಾರ ಹಿಂದಿನ ರಾತ್ರಿ ಮೂರಕ್ಕೆ ನಿಂತುಹೋಗಿದೆ, ನಿಮಗದು ತಿಳಿಯದು. ನಿಂತ ಗಡಿಯಾರದ ಈ ಉದಾಹರಣೆಯನ್ನು ಬರ್ಟ್ರಂಡ್ ರಸೆಲ್ 1948ರಲ್ಲಿ ಕೊಟ್ಟ. ಇಲ್ಲಿ ನೀವು ಕುರುಡಾಗಿ ಊಹಿಸಲಿಲ್ಲ, ಇಷ್ಟು ದಿನ ಸರಿಯಾಗಿ ನಡೆದ ಗಡಿಯಾರವನ್ನು ನೋಡಿಯೇ ಹೇಳಿದಿರಿ. ನಂಬಿಕೆ ಇದೆ, ಅದು ಸತ್ಯ, ಅದಕ್ಕೆ ಸಮರ್ಥನೆಯೂ ಇದೆ. ಆದರೂ ‘ನಿಮಗೆ ಹೊತ್ತು ಗೊತ್ತಿತ್ತು’ ಎನ್ನಲು ನಾಲಿಗೆ ಏಳುವುದಿಲ್ಲ. 1963ರಲ್ಲಿ ಎಡ್ಮಂಡ್ ಗೆಟಿಯರ್ ಮೂರೇ ಪುಟದ ಲೇಖನದಲ್ಲಿ ಇಂಥವೇ ಎರಡು ಸನ್ನಿವೇಶಗಳನ್ನು ಹೇಳಿ, ನೀವು ಬಾಯಿಪಾಠ ಮಾಡಿದ ವ್ಯಾಖ್ಯೆ ಸಾಲದು ಎಂದು ತೋರಿಸಿಬಿಟ್ಟ. ಅವನಿಗಿಂತ ಸಾವಿರ ವರ್ಷಕ್ಕೂ ಹಿಂದೆ, ಸುಮಾರು 8ನೇ ಶತಮಾನದಲ್ಲಿ, ಬೌದ್ಧ ತಾರ್ಕಿಕ ಧರ್ಮೋತ್ತರ ಇದೇ ಜಾಡು ಹಿಡಿದಿದ್ದ. ಬಾಯಾರಿದವನಿಗೆ ದೂರದಲ್ಲಿ ನೀರು ಕಂಡಂತಾಗುತ್ತದೆ, ಅದು ಬಿಸಿಲ್ಗುದುರೆ. ಅಲ್ಲಿಗೆ ಹೋದರೆ ಬಂಡೆಯ ಅಡಿಯಲ್ಲಿ ನಿಜವಾಗಿಯೂ ನೀರಿರುತ್ತದೆ. ಇನ್ನೊಂದು: ಆಗಷ್ಟೇ ಹೊತ್ತಿಸಿದ ಬೆಂಕಿಗೆ ಇನ್ನೂ ಹೊಗೆ ಎದ್ದಿಲ್ಲ. ಅಲ್ಲಿ ಮುತ್ತಿದ ಹುಳುಗಳ ಗುಂಪನ್ನು ದೂರದಿಂದ ಹೊಗೆಯೆಂದೇ ಭ್ರಮಿಸಿದವನು “ಅಲ್ಲಿ ಬೆಂಕಿ ಇದೆ” ಅನ್ನುತ್ತಾನೆ. ಬೆಂಕಿ ಇದೆ. ಅವನಿಗೆ ಗೊತ್ತಾಗಿದೆಯೇ?

ಗೆಟಿಯರ್ ಬರೆದ ಮೇಲೆ ಈ ತೂತಿಗೆ ತೇಪೆ ಹಾಕಲು ಹೊರಟವರಿಗೆ ಲೆಕ್ಕವಿಲ್ಲ. ಪೂರ್ತಿ ಮುಚ್ಚಿದವರನ್ನು ನಾನು ಕಂಡಿಲ್ಲ. ಆದರೆ 1981ರಲ್ಲಿ ರಾಬರ್ಟ್ ನೋಜಿಕ್ ಮುಂದಿಟ್ಟ ಒಂದು ಷರತ್ತು ನನಗೆ ದಿನದ ಬದುಕಿನಲ್ಲೂ ಕೈಗೆ ಬಂದಿದೆ. ಅದನ್ನು ನನ್ನ ಮಾತಿನಲ್ಲಿ ಹೀಗೆ ಕೇಳಿಕೊಳ್ಳುತ್ತೇನೆ: ಇದು ಸುಳ್ಳಾಗಿದ್ದಿದ್ದರೆ ನನಗೆ ಹೇಗೆ ಗೊತ್ತಾಗುತ್ತಿತ್ತು? ನಿಂತ ಗಡಿಯಾರದ ಮುಂದೆ ನೀವು ಮೂರೂವರೆಗೆ ಬಂದಿದ್ದರೂ ‘ಮೂರು’ ಎಂದೇ ಹೇಳುತ್ತಿದ್ದಿರಿ. ತಪ್ಪು ನಿಮಗೆ ಕಾಣುವ ದಾರಿಯೇ ಇರಲಿಲ್ಲ. ಸಮರ್ಥನೆ ಯಾಕೆ ಬೇಕೆಂದು ಕೇಳಿದಿರಿ. ನೀವು ತಪ್ಪಿದಾಗ ನಿಮ್ಮನ್ನು ತಡೆದು ನಿಲ್ಲಿಸಲು ಬೇಕು. ಈ ಒಂದು ಪ್ರಶ್ನೆಯನ್ನು ಕೆಳಗೆ ಮತ್ತೆ ಮತ್ತೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ (ನಿವೃತ್ತ ಗುಮಾಸ್ತರು): ಹೋದ ಸಂಚಿಕೆಯಲ್ಲಿ ‘ಅನುಮಾನವೂ ಒಂದು ಪ್ರಮಾಣ’ ಎಂದು ಬರೆದಿರಿ. ಅನುಮಾನ ಅಂದರೆ ಸಂದೇಹ. ಸಂದೇಹವೇ ಪುರಾವೆಯಾಗುವುದು ಹೇಗೆ?

ತಪ್ಪು ನನ್ನದು, ವಿವರಿಸದೆ ಬರೆದೆ. ಮನೆಮಾತಿನಲ್ಲಿ ‘ಅವನ ಮೇಲೆ ನನಗೆ ಅನುಮಾನ’ ಅಂದರೆ ಸಂಶಯವೇ. ಶಾಸ್ತ್ರದಲ್ಲಿ ಅನುಮಾನವೆಂದರೆ ಒಂದನ್ನು ಕಂಡು ಅದರ ಬೆನ್ನಿಗೆ ಇನ್ನೊಂದನ್ನು ತಿಳಿಯುವುದು: ಹೊಗೆ ಕಂಡು ಬೆಂಕಿ ತಿಳಿಯುವುದು. ‘ಪ್ರಮಾಣ’ಕ್ಕೂ ಇದೇ ಗತಿ. ನಮಗೆ ಅದು ಅಳತೆ, ಇಲ್ಲವೇ ಆಣೆ. ತಾರ್ಕಿಕರಿಗೆ ಅದು ತಿಳಿವು ಬರುವ ದಾರಿ. ಆಣೆ ಇಟ್ಟವನ ದನಿ ಎಷ್ಟೇ ಗಟ್ಟಿಯಾಗಿರಲಿ, ಅದು ಅವನ ಮನಸ್ಸು ಎಷ್ಟು ಗಟ್ಟಿ ಎಂದು ಹೇಳೀತೇ ಹೊರತು ನಡೆದದ್ದೇನು ಎಂದು ಹೇಳದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯಲ್ಲಿ ಮಾತ್ರ ನಮ್ಮ ಮಾತು ಶಾಸ್ತ್ರದ ಅರ್ಥದ ಹತ್ತಿರ ಬಂದು ನಿಲ್ಲುತ್ತದೆ.

ನಿಮ್ಮ ಸಂದೇಹವನ್ನು ಶಾಸ್ತ್ರದೊಳಗೇ ಎತ್ತಿದವರೂ ಇದ್ದಾರೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂದು ಎಲ್ಲ ಕಾಲ, ಎಲ್ಲ ಜಾಗಗಳನ್ನು ನೋಡಿ ಬಂದವರು ಯಾರು ಎಂದು, ಕಣ್ಣಿಗೆ ಕಂಡದ್ದನ್ನಷ್ಟೇ ಪ್ರಮಾಣವೆಂದು ಒಪ್ಪುವ ಚಾರ್ವಾಕರು ಕೇಳಿದರು. 18ನೇ ಶತಮಾನದಲ್ಲಿ ಡೇವಿಡ್ ಹ್ಯೂಮ್ ನಾಳೆ ಸೂರ್ಯ ಹುಟ್ಟುವುದರ ಬಗ್ಗೆ ಕೇಳಿದ್ದೂ ಇದನ್ನೇ. ಇಬ್ಬರಿಗೂ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ.

ನಿಮ್ಮ ಪತ್ರ ಓದುವಾಗ ಇನ್ನೊಂದು ಹೊಳೆಯಿತು. ಕನ್ನಡದಲ್ಲಿ ‘ನನಗೆ ಗೊತ್ತು’ ಅನ್ನುತ್ತೇವೆ, ‘ನಾನು ನಂಬುತ್ತೇನೆ’ ಅನ್ನುತ್ತೇವೆ. ಗೊತ್ತಾಗುವುದು ನನಗೆ ಆಗುವಂಥದ್ದು, ನಂಬುವುದು ನಾನು ಮಾಡುವಂಥದ್ದು. ‘ನಾನು ಬಲ್ಲೆ’ ಎಂಬುದೂ ಇದೆ, ‘ನನಗೆ ನಂಬಿಕೆ ಇದೆ’ ಎಂಬುದೂ ಇದೆ, ಹಾಗಾಗಿ ಇದನ್ನೊಂದು ನಿಯಮವೆಂದು ಹಿಡಿಯಬೇಡಿ. ಆದರೂ ನಂಬಿಕೆಯಲ್ಲಿ ನಮ್ಮ ಕೈ ಇದೆ, ಹಾಗಾಗಿ ನಮ್ಮ ಹೊಣೆಯೂ ಇದೆ ಎಂಬುದನ್ನು ವ್ಯಾಕರಣ ಎಲ್ಲೋ ಬಲ್ಲದು ಅನ್ನಿಸುತ್ತದೆ ನನಗೆ.

ಪ್ರಶ್ನೆ (ಹೆಸರು ಬೇಡವೆಂದವರು): ಆರೋಗ್ಯ ತಪಾಸಣೆಯಲ್ಲಿ ಒಂದು ಅಪರೂಪದ ಕಾಯಿಲೆಗೆ ಪಾಸಿಟಿವ್ ಬಂದಿದೆ. ಪರೀಕ್ಷೆ ನೂರಕ್ಕೆ 95ರಷ್ಟು ಸರಿಯಂತೆ. ಹಾಗಾದರೆ ನನಗೆ ಕಾಯಿಲೆ ಇರುವುದು ನೂರಕ್ಕೆ 95ರಷ್ಟು ಖಚಿತ ಅಲ್ಲವೇ? ಮೂರು ರಾತ್ರಿಯಿಂದ ನಿದ್ದೆಯಿಲ್ಲ.

ಅಲ್ಲ. ಮೊದಲು ಇದನ್ನು ತಿಳಿದುಕೊಳ್ಳಿ, ಆಮೇಲೆ ಲೆಕ್ಕ. ನಿಮ್ಮ ಕಾಯಿಲೆಯ ನಿಜವಾದ ಅಂಕಿಗಳು ನನ್ನ ಬಳಿ ಇಲ್ಲ, ಆದ್ದರಿಂದ ಉದಾಹರಣೆಗೆಂದು ಹೀಗಿಟ್ಟುಕೊಳ್ಳೋಣ. ಸಾವಿರ ಜನರಲ್ಲಿ ಒಬ್ಬರಿಗೆ ಈ ಕಾಯಿಲೆ. ಇರುವವರನ್ನು ಪರೀಕ್ಷೆ ತಪ್ಪದೆ ಹಿಡಿಯುತ್ತದೆ, ಆದರೆ ಇಲ್ಲದವರಲ್ಲೂ ನೂರಕ್ಕೆ ಐದು ಮಂದಿಗೆ ‘ಇದೆ’ ಎನ್ನುತ್ತದೆ. ಸಾವಿರ ಜನರನ್ನೂ ಪರೀಕ್ಷಿಸಿ. ನಿಜವಾದ ರೋಗಿ ಒಬ್ಬರು, ಅವರಿಗೆ ಪಾಸಿಟಿವ್. ಉಳಿದ 999 ಜನ ಆರೋಗ್ಯವಂತರು, ಅವರಲ್ಲಿ ನೂರಕ್ಕೆ ಐದರಂತೆ ಸುಮಾರು 50 ಮಂದಿಗೂ ಪಾಸಿಟಿವ್. ಅಂದರೆ ಪಾಸಿಟಿವ್ ಚೀಟಿ ಹಿಡಿದು ನಿಂತವರು 51 ಮಂದಿ, ಅವರಲ್ಲಿ ಕಾಯಿಲೆ ಇರುವುದು ಒಬ್ಬರಿಗೆ. ನೂರಕ್ಕೆ ಎರಡು, 95 ಅಲ್ಲ.

ನಿಮ್ಮ ಹಾಗೇ ಲೆಕ್ಕ ಹಾಕಿದವರಲ್ಲಿ ವೈದ್ಯರೂ ಇದ್ದಾರೆ. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಆಸ್ಪತ್ರೆಗಳಲ್ಲಿ ವೈದ್ಯರು, ವಿದ್ಯಾರ್ಥಿಗಳು ಸೇರಿ 60 ಜನರಿಗೆ ಇದೇ ಲೆಕ್ಕ ಕೊಟ್ಟಾಗ ಸರಿಯಾಗಿ ಉತ್ತರಿಸಿದವರು 11 ಮಂದಿ. ತಪ್ಪು ಎಲ್ಲಿ ಆಗುತ್ತದೆಂದರೆ, ‘ಕಾಯಿಲೆ ಇದ್ದರೆ ಪಾಸಿಟಿವ್ ಬರುವ ಸಂಭವ’ವನ್ನೂ ‘ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಂಭವ’ವನ್ನೂ ನಾವು ಒಂದೇ ಎಂದುಕೊಳ್ಳುತ್ತೇವೆ. ಇವೆರಡನ್ನೂ ಬೇರ್ಪಡಿಸುವ ಗಣಿತ ಥಾಮಸ್ ಬೇಯ್ಸ್ ಎಂಬ ಪಾದ್ರಿಯದು. ಅವನು ತೀರಿಹೋದ ಎರಡು ವರ್ಷದ ಮೇಲೆ, 1763ರಲ್ಲಿ, ಅದು ಅಚ್ಚಾಯಿತು. ಹೊಸ ಪುರಾವೆ ಬಂದಾಗ ಹಳೆಯ ತಿಳಿವನ್ನು ಎಸೆಯಬಾರದು, ಅದಕ್ಕೆ ಇದನ್ನು ಸೇರಿಸಿ ತೂಗಬೇಕು ಎಂಬುದು ಅದರ ಸಾರ.

ಇನ್ನು ನೀವು ಮಾಡಬೇಕಾದದ್ದು. ಲಕ್ಷಣಗಳು ಇದ್ದರೆ, ಅಥವಾ ಮನೆಯವರಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದಿದ್ದರೆ, ನೀವು ‘ಸಾವಿರಕ್ಕೊಬ್ಬರು’ ಎಂಬ ಗುಂಪಿನಿಂದ ಹೊರಗೆ ಬರುತ್ತೀರಿ, ಲೆಕ್ಕ ಬೇರೆಯಾಗುತ್ತದೆ. ಆದ್ದರಿಂದ ವೈದ್ಯರ ಬಳಿ ಎರಡು ಪ್ರಶ್ನೆ ಕೇಳಿ. ನನ್ನಂಥವರು ಸಾವಿರ ಜನರಲ್ಲಿ ಎಷ್ಟು ಮಂದಿಗೆ ಇದು ಇರುತ್ತದೆ? ಬೇರೆ ವಿಧಾನದ ಎರಡನೇ ಪರೀಕ್ಷೆ ಯಾವುದು? ಎರಡನೆಯದನ್ನು ಮುಂದೂಡಬೇಡಿ. ಇವತ್ತು ರಾತ್ರಿ ಮಾತ್ರ ನಿದ್ದೆ ಮಾಡಿ.

ಪ್ರಶ್ನೆ (ಕೃಷಿಕರು): ಕಣ್ಣಿಂದ ಕಂಡದ್ದು ಸ್ವಲ್ಪ, ಬೇರೆಯವರು ಹೇಳಿದ್ದೇ ಹೆಚ್ಚು. ಬೇರೆಯವರ ಮಾತನ್ನು ಎಷ್ಟು ನಂಬಬೇಕು? ಓದಿದವರ ಮಾತಿಗೆ ಇರುವ ತೂಕ ನಮ್ಮಂಥವರ ಮಾತಿಗೆ ಯಾಕಿಲ್ಲ?

ನಾನು ಹುಟ್ಟಿದ ದಿನ ನನಗೆ ಗೊತ್ತಿರುವುದು ಬೇರೆಯವರು ಹೇಳಿದ್ದರಿಂದ. ನನ್ನ ಹೊಟ್ಟೆಯೊಳಗೆ ಎರಡು ಮೂತ್ರಪಿಂಡಗಳಿವೆ ಎಂಬುದೂ ಹಾಗೇ. ಹೇಳಿಕೆಯನ್ನು ಪೂರ್ತಿ ತೆಗೆದುಬಿಟ್ಟರೆ ನನ್ನ ತಿಳಿವಿನಲ್ಲಿ ಈ ಕೋಣೆಯಷ್ಟೂ ಉಳಿಯುವುದಿಲ್ಲ. ಅದಕ್ಕೇ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ‘ಶಬ್ದ’ವನ್ನು, ಅಂದರೆ ಆಪ್ತನ ಮಾತನ್ನು, ಸ್ವತಂತ್ರ ಪ್ರಮಾಣವಾಗಿ ಎಣಿಸಿದರು. ಆಪ್ತ ಯಾರು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳುವುದು: ವಿಷಯವನ್ನು ತಾನೇ ಕಂಡುಕೊಂಡವನು, ಕಂಡದ್ದನ್ನು ಕಂಡಂತೆ ಹೇಳುವ ಇಚ್ಛೆಯುಳ್ಳವನು. ಹಾಗೆಂದು ಒಂದು ಮಾತು ಸೇರಿಸುತ್ತಾನೆ, ನಿಮ್ಮ ಪತ್ರ ಓದಿದ ಕೂಡಲೇ ನೆನಪಾದದ್ದು ಅದು: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಹೇಳುವವನು ಯಾರು ಎಂಬುದಲ್ಲ, ಅವನಿಗೆ ಹೇಗೆ ಗೊತ್ತು ಎಂಬುದು ಮುಖ್ಯ.

ಇದನ್ನು ಮರೆತ ವಿದ್ವಾಂಸರ ಕಥೆಯೊಂದಿದೆ. ಆಕಾಶದಿಂದ ಕಲ್ಲು ಬಿತ್ತೆಂದು ಹಳ್ಳಿಯ ಜನ ಹೇಳುವುದನ್ನು 18ನೇ ಶತಮಾನದ ಯುರೋಪಿನ ಪಂಡಿತರು ಮೂಢನಂಬಿಕೆ ಎಂದು ತಳ್ಳಿಹಾಕುತ್ತಿದ್ದರು. 1768ರಲ್ಲಿ ಫ್ರಾನ್ಸಿನ ಲ್ಯೂಸೆ ಎಂಬಲ್ಲಿ, ಹೊಲದಲ್ಲಿ ದುಡಿಯುತ್ತಿದ್ದವರ ಕಣ್ಣೆದುರೇ ಕಲ್ಲೊಂದು ಬಿತ್ತು. ಅದನ್ನು ಪರೀಕ್ಷಿಸಿದವರಲ್ಲಿ ಮಹಾ ರಸಾಯನಶಾಸ್ತ್ರಜ್ಞ ಲಾವೋಸಿಯೆ ಕೂಡ ಇದ್ದ. ನೆಲದಲ್ಲೇ ಇದ್ದ ಕಲ್ಲಿಗೆ ಸಿಡಿಲು ಬಡಿದಿರಬೇಕು ಎಂದು ಅವರು ತೀರ್ಮಾನಿಸಿದರು. 1794ರಲ್ಲಿ ಕ್ಲಾಡ್ನಿ ಎಂಬ ಜರ್ಮನ್ ವಿಜ್ಞಾನಿ, ಈ ಹೇಳಿಕೆಗಳು ದೇಶಕಾಲಗಳನ್ನು ಮೀರಿ ಒಂದಕ್ಕೊಂದು ಹೊಂದುತ್ತವೆ, ಇವನ್ನು ನಂಬಲೇಬೇಕು ಎಂದು ಬರೆದ. ಕೇಳಿದವರು ಕಡಿಮೆ. 1803ರ ಏಪ್ರಿಲ್ 26ರಂದು ನಾರ್ಮಂಡಿಯ ಲೇಗ್ಲ್ ಊರಿನ ಸುತ್ತ ಮೂರು ಸಾವಿರದಷ್ಟು ಕಲ್ಲುಗಳು ಸುರಿದವು. ಸರ್ಕಾರ 29 ವರ್ಷದ ಭೌತವಿಜ್ಞಾನಿ ಬಿಯೋನನ್ನು ಕಳಿಸಿತು. ಅವನು ಮಾಡಿದ ಕೆಲಸ ನನಗೆ ತುಂಬಾ ಪ್ರಿಯವಾದದ್ದು. ಊರಿಂದೂರಿಗೆ ನಡೆದು, ಬೇರೆ ಬೇರೆ ಕಸುಬಿನ, ಒಬ್ಬರಿಗೊಬ್ಬರು ಮಾತಾಡಿಕೊಂಡು ಹೇಳಲು ಕಾರಣವಿಲ್ಲದ ಜನರನ್ನು ಬಿಡಿಬಿಡಿಯಾಗಿ ಕೇಳಿದ. ಜೊತೆಗೆ ಕಲ್ಲುಗಳು ಬಿದ್ದ ಜಾಗಗಳನ್ನು ಗುರುತಿಸಿದ. ಉದ್ದನೆಯ ಮೊಟ್ಟೆಯಾಕಾರದ ಒಂದು ಪ್ರದೇಶ ಮೂಡಿತು. ಅಂಥ ಕಲ್ಲು ಆ ಸೀಮೆಯಲ್ಲಿ ಹಿಂದೆ ಎಲ್ಲೂ ಇರಲಿಲ್ಲ. ಅವನ ವರದಿಯ ನಂತರ ಪಂಡಿತರ ವಿರೋಧ ಕರಗಿತು.

ಗಮನಿಸಿ: ಬಿಯೋ ಹಳ್ಳಿಗರನ್ನು ಸುಮ್ಮನೆ ನಂಬಲೂ ಇಲ್ಲ, ಸುಮ್ಮನೆ ಅಲ್ಲಗಳೆಯಲೂ ಇಲ್ಲ. ಇವರು ಹೇಳುವುದು ಸುಳ್ಳಾಗಿದ್ದರೆ ಏನು ಕಾಣಬೇಕಿತ್ತು ಎಂದು ಹುಡುಕಿದ. ಸುಳ್ಳಾಗಿದ್ದರೆ ಹೇಳಿಕೆಗಳು ಒಂದೊಂದು ದಿಕ್ಕಿಗೆ ಹೋಗಬೇಕಿತ್ತು, ಕಲ್ಲುಗಳು ಎಲ್ಲೆಂದರಲ್ಲಿ ಚೆದುರಿರಬೇಕಿತ್ತು. ಇಲ್ಲಿ ‘ಬಿಡಿಬಿಡಿಯಾಗಿ’ ಎಂಬ ಮಾತೇ ಜೀವಾಳ. ನಿಮ್ಮ ಫೋನಿಗೆ ನೂರು ಜನ ಒಂದೇ ಸಂದೇಶ ಕಳಿಸಿದರೆ ನೂರು ಸಾಕ್ಷಿಗಳಾಗುವುದಿಲ್ಲ. ಮೊದಲು ಬರೆದವನೊಬ್ಬನೇ ಸಾಕ್ಷಿ, ಉಳಿದ 99 ಜನ ಅವನ ಪ್ರತಿಧ್ವನಿ.

ಕೇಳುವವರ ಅನುಭವದ ಮಿತಿಯೂ ಅಡ್ಡ ಬರುತ್ತದೆ. ನಮ್ಮ ದೇಶದಲ್ಲಿ ಚಳಿಗೆ ನೀರು ಗಟ್ಟಿಯಾಗಿ ಆನೆಯನ್ನೂ ಹೊರುತ್ತದೆ ಎಂದು ಡಚ್ ರಾಯಭಾರಿ ಸಯಾಮಿನ (ಇಂದಿನ ಥಾಯ್ಲೆಂಡ್) ರಾಜನಿಗೆ ಹೇಳಿದನಂತೆ. ಇಷ್ಟು ದಿನ ನಿನ್ನ ಮಾತನ್ನು ನಂಬಿದ್ದೆ, ಈಗ ಮಾತ್ರ ನೀನು ಸುಳ್ಳುಗಾರನೆಂದು ಖಾತ್ರಿಯಾಯಿತು ಎಂದು ರಾಜ ಉತ್ತರಿಸಿದನಂತೆ. 17ನೇ ಶತಮಾನದ ಜಾನ್ ಲಾಕ್ ಹೇಳುವ ಪ್ರಸಂಗವಿದು. ರಾಜನ ತರ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ‘ಖಾತ್ರಿಯಾಯಿತು’ ಎಂಬ ಒಂದು ಪದ ಮಾತ್ರ ಹೆಚ್ಚಾಯಿತು.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕರು): ಒಂದು ಸಿದ್ಧಾಂತ ಹೇಳಿದ ಭವಿಷ್ಯ ನಿಜವಾದರೆ ಆ ಸಿದ್ಧಾಂತ ಸಾಬೀತಾಯಿತು ಎಂದು ಮಕ್ಕಳಿಗೆ ಹೇಳಬಹುದೇ?

ಬಲ ಬಂತು ಎನ್ನಿ, ಸಾಬೀತಾಯಿತು ಎನ್ನಬೇಡಿ. ಒಬ್ಬನೇ ಮನುಷ್ಯನ ಬದುಕಿನಲ್ಲಿ ಭವಿಷ್ಯ ನಿಜವಾದದ್ದು, ಸುಳ್ಳಾದದ್ದು ಎರಡೂ ನಡೆದದ್ದನ್ನು ಅವರಿಗೆ ಹೇಳಿ, ಮರೆಯುವುದಿಲ್ಲ.

ಯುರೇನಸ್ ಗ್ರಹ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ನ್ಯೂಟನ್ನನ ನಿಯಮವೇ ತಪ್ಪೋ, ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿದೆಯೋ? ಫ್ರಾನ್ಸಿನ ಲವೆರಿಯೆ ಎರಡನೆಯದನ್ನು ಹಿಡಿದು, ಆ ಗ್ರಹ ಎಲ್ಲಿರಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿ ಬರ್ಲಿನ್ನಿಗೆ ಪತ್ರ ಬರೆದ. ಪತ್ರ ಕೈಸೇರಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಯೋಹಾನ್ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು.

ಬುಧನ ಪಥದಲ್ಲೂ ಇಂಥದ್ದೇ ಒಂದು ಚಿಕ್ಕ ತಪ್ಪು ಉಳಿದಿತ್ತು. 1859ರಲ್ಲಿ ಲವೆರಿಯೆ ಅದೇ ತರ್ಕ ಹೂಡಿದ: ಸೂರ್ಯನಿಗೂ ಬುಧನಿಗೂ ನಡುವೆ ಕಾಣದ ಏನೋ ಇದೆ. ಹಳ್ಳಿಯ ವೈದ್ಯನೊಬ್ಬ, ಸೂರ್ಯನ ಮುಂದೆ ಕಪ್ಪು ಚುಕ್ಕೆ ಹಾದುಹೋದದ್ದನ್ನು ಕಂಡೆನೆಂದು ಬರೆದ. ಲವೆರಿಯೆ ಅವನ ಮನೆಗೇ ಹೋಗಿ, ಪ್ರಶ್ನೆ ಮಾಡಿ, ನಂಬಿ ಬಂದ. ಗ್ರಹಕ್ಕೆ ವಲ್ಕನ್ ಎಂದು ಹೆಸರಾಯಿತು. ಆಮೇಲೆ ಹುಡುಕಿದವರಲ್ಲಿ ಕೆಲವರಿಗೆ ಕಂಡಂತಾಯಿತು, ಹೆಚ್ಚಿನವರಿಗೆ ಕಾಣಲಿಲ್ಲ. ಕಾಣದಿದ್ದಾಗಲೆಲ್ಲ ‘ಸೂರ್ಯನ ಬೆಳಕಿಗೆ ತೀರ ಹತ್ತಿರ’ ಎಂಬ ಸಮಾಧಾನ ಸಿದ್ಧವಿತ್ತು. ಲವೆರಿಯೆ ಆ ನಂಬಿಕೆಯಲ್ಲೇ 1877ರ ಸೆಪ್ಟೆಂಬರ್ 23ರಂದು ತೀರಿಕೊಂಡ, ನೆಪ್ಚೂನ್ ಸಿಕ್ಕ ದಿನಕ್ಕೆ ಸರಿಯಾಗಿ 31 ವರ್ಷಕ್ಕೆ. ವಲ್ಕನ್ ಇರಲೇ ಇಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತನ್ನ ಗುರುತ್ವ ಸಿದ್ಧಾಂತದಿಂದ ಲೆಕ್ಕ ಹಾಕಿದಾಗ ಬುಧನ ಪಥದ ಆ ಶೇಷ, ಶತಮಾನಕ್ಕೆ 43 ವಿಕಲೆ, ಯಾವ ಹೊಸ ಗ್ರಹವೂ ಇಲ್ಲದೆ ತಾನಾಗಿಯೇ ಬಂತು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ವಿಕಲೆ. ಅಷ್ಟು ಸಣ್ಣ ತಪ್ಪನ್ನು ಬಿಡದೆ ಹಿಡಿದದ್ದು ಅದೇ ಲವೆರಿಯೆ ಎಂಬುದನ್ನೂ ಮಕ್ಕಳಿಗೆ ಹೇಳಿ.

ಅವನು ದಡ್ಡನಲ್ಲ, ಹಟಮಾರಿಯಾಗಿ ಕಣ್ಣು ಮುಚ್ಚಿಕೊಂಡವನೂ ಅಲ್ಲ. 1859ರಲ್ಲಿ ಅವನ ಜಾಗದಲ್ಲಿ ನಾನಿದ್ದರೆ ವಲ್ಕನ್ನನ್ನು ನಾನೂ ನಂಬುತ್ತಿದ್ದೆ. ಒಳ್ಳೆಯ ಆಧಾರವಿದ್ದೂ ನಂಬಿಕೆ ಸುಳ್ಳಾಗಬಹುದು, ಅದರಲ್ಲಿ ಅವಮಾನವಿಲ್ಲ. ಆದರೆ ವ್ಯತ್ಯಾಸ ನೋಡಿ: ನೆಪ್ಚೂನಿನ ಮಾತು ಸುಳ್ಳಾಗಿದ್ದರೆ ಅದೇ ರಾತ್ರಿ ಗೊತ್ತಾಗುತ್ತಿತ್ತು. ವಲ್ಕನ್ ಸುಳ್ಳಾಗಿದ್ದರೂ ಗೊತ್ತಾಗದಂತೆ ಕಾರಣಗಳು ಒಂದರ ಮೇಲೊಂದು ಬಂದು ಕೂತವು.

ಪ್ರಶ್ನೆ (ಓದುಗರೊಬ್ಬರು): ಅಪ್ಪ ತೀರಿಕೊಂಡ ರಾತ್ರಿ ನಾನು ಅವರ ಕೈ ಹಿಡಿದು ಕೂತಿದ್ದೆ. ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಾನು ಬಂದದ್ದೇ ಮಾರನೆಯ ದಿನ ಎಂದು ಅಕ್ಕ ಹೇಳುತ್ತಾಳೆ. ಅವಳು ಯಾಕೆ ಹೀಗೆ ಸುಳ್ಳು ಹೇಳುತ್ತಾಳೆ?

ಅಕ್ಕ ಸುಳ್ಳು ಹೇಳುತ್ತಿದ್ದಾರೆ ಎಂದು ದಯವಿಟ್ಟು ತೀರ್ಮಾನಿಸಬೇಡಿ. ನೀವೂ ಸುಳ್ಳು ಹೇಳುತ್ತಿಲ್ಲ.

ನನ್ನ ಗುರುಗಳು ತೀರಿಕೊಂಡ ಸುದ್ದಿ ನನಗೆ ಹೇಗೆ ತಲುಪಿತೆಂದು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಕಾಲೇಜಿನ ಮೆಟ್ಟಿಲು, ಸುರಿಯುವ ಮಳೆ, ಗೆಳತಿ ಬಂದು ನನ್ನ ತೋಳು ಹಿಡಿದು ಹೇಳಿದ್ದು. ಅವಳ ಕೈ ಒದ್ದೆಯಾಗಿತ್ತು, ಅದೂ ನೆನಪಿದೆ. ನಿವೃತ್ತಿಯಾದ ಮೇಲೆ ಹಳೆಯ ದಿನಚರಿಗಳನ್ನು ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿ ಬರೆದಿತ್ತು: ಸುದ್ದಿ ಬಂದದ್ದು ಕಾಗದದಲ್ಲಿ, ಮನೆಗೆ, ಮಧ್ಯಾಹ್ನ. ಗೆಳತಿಯ ಹೆಸರೂ ಇಲ್ಲ, ಮಳೆಯೂ ಇಲ್ಲ. ಪುಟವನ್ನು ಎರಡು ಸಲ ಓದಿದೆ. ಓದಿದ ಮೇಲೂ ನೆನಪು ಬದಲಾಗಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಬರುವುದು ಆ ಮೆಟ್ಟಿಲೇ, ಆ ಒದ್ದೆ ಕೈಯೇ.

1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ಜನರಿಗೆ ಕಾರುಗಳು ಡಿಕ್ಕಿಯಾಗುವ ಚಿತ್ರ ತೋರಿಸಿದರು. 50 ಜನರಿಗೆ ಕಾರುಗಳು ‘ತಾಗಿದಾಗ’ ವೇಗ ಎಷ್ಟಿತ್ತೆಂದೂ, ಇನ್ನು 50 ಜನರಿಗೆ ‘ಅಪ್ಪಳಿಸಿದಾಗ’ ಎಷ್ಟಿತ್ತೆಂದೂ ಕೇಳಿದರು, ಉಳಿದವರಿಗೆ ವೇಗದ ಪ್ರಶ್ನೆ ಇರಲಿಲ್ಲ. ವಾರದ ನಂತರ ಒಡೆದ ಗಾಜು ಕಂಡಿರಾ ಎಂದರೆ, ‘ತಾಗಿದ’ ಗುಂಪಿನಲ್ಲಿ 7 ಮಂದಿ, ‘ಅಪ್ಪಳಿಸಿದ’ ಗುಂಪಿನಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ಅಷ್ಟು ಜನರ ನೆನಪಿನೊಳಗೆ ಗಾಜು ಒಡೆಯಿತು. ನೆನಪು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಆ ಕಟ್ಟಡದಲ್ಲಿ ನಮ್ಮ ಆಸೆಯೂ ಒಂದು ಇಟ್ಟಿಗೆ. ಆ ರಾತ್ರಿ ಅಪ್ಪನ ಬಳಿ ಇರಬೇಕಿತ್ತು ಎಂಬ ಆಸೆಗಿಂತ ಬಲವಾದದ್ದು ಯಾವುದಿದೆ?

ಅಕ್ಕನ ನೆನಪೂ ಇದೇ ಮಣ್ಣಿನದು ಎಂಬುದನ್ನು ಮರೆಯಬೇಡಿ. ಆ ದಿನಗಳಲ್ಲೇ ಬರೆದ ಕಾಗದ, ಪ್ರಯಾಣದ ಚೀಟಿ ಏನಾದರೂ ಇದ್ದರೆ ಇಬ್ಬರೂ ಸೇರಿ ನೋಡಿ. ಇಲ್ಲದಿದ್ದರೆ, ಇಬ್ಬರಲ್ಲಿ ಯಾರು ಸರಿ ಎಂಬುದು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡು ಮಾತು ಮುಂದುವರಿಸಿ. ಅಪ್ಪನ ಬಗ್ಗೆ ನಿಮ್ಮಿಬ್ಬರಿಗೂ ಒಂದೇ ಥರ ನೆನಪಿರುವ ಬೇರೆ ಸಂಗತಿಗಳು ಬೇಕಾದಷ್ಟು ಇದ್ದಾವು.

ಪ್ರಶ್ನೆ (ಒಂಬತ್ತನೇ ತರಗತಿ): ಇದೆಲ್ಲ ಕನಸಲ್ಲ ಎಂದು ನಿಮಗೆ ಹೇಗೆ ಗೊತ್ತು?

ನನ್ನದೇ ಪ್ರಶ್ನೆಯನ್ನು ನನಗೆ ತಿರುಗಿಸಿದೆ ಮಗು. ಕನಸಾಗಿದ್ದರೆ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ನನ್ನ ಅಳತೆಗೋಲಿನ ಪ್ರಕಾರ ಕನಸಲ್ಲವೆಂದು ನನಗೆ ಗೊತ್ತಿಲ್ಲ ಎಂದೇ ಆಗುತ್ತದೆ. ಆದರೆ ಕೈಯಲ್ಲಿ ಪೆನ್ನು ಇದೆ ಎಂಬುದು ನನಗೆ ಗೊತ್ತು ಎಂದೂ ಅನ್ನಿಸುತ್ತದೆ. ಕನಸಾಗಿದ್ದರೆ ಪೆನ್ನೂ ಇಲ್ಲವಲ್ಲ, ಹಾಗಾಗಿ ಇವೆರಡೂ ಒಟ್ಟಿಗೆ ನಿಲ್ಲುವುದು ಕಷ್ಟ, ನೋಜಿಕ್‌ನ ಷರತ್ತಿಗೆ ಬಿದ್ದ ದೊಡ್ಡ ಪೆಟ್ಟು ಇದೇ. ಬೌದ್ಧ ದಾರ್ಶನಿಕ ವಸುಬಂಧು ಕೇಳಿದ ಪ್ರಶ್ನೆ, 1641ರಲ್ಲಿ ಡೆಕಾರ್ಟ್ ಒಲೆಯ ಪಕ್ಕ ಕೂತು ಕೇಳಿದ ಪ್ರಶ್ನೆ ನಿನ್ನದು. ನನ್ನಲ್ಲಿ ಉತ್ತರವಿಲ್ಲ. ನಿನಗೆ ಏನಾದರೂ ಹೊಳೆದರೆ ಬರೆ.

ಪ್ರಶ್ನೆ (ಒಬ್ಬ ತಾಯಿ): ಮಗ ಕುಡಿತ ಬಿಟ್ಟಿದ್ದೇನೆ ಅನ್ನುತ್ತಾನೆ. ಹಿಂದೆ ಮೂರು ಸಲ ಹೀಗೇ ಹೇಳಿ ಸುಳ್ಳಾಗಿದೆ. ನಂಬದಿದ್ದರೆ ‘ಅಮ್ಮನೇ ನಂಬುವುದಿಲ್ಲ’ ಎಂದು ಮತ್ತೆ ಹಿಡಿಯುತ್ತಾನೇನೋ ಎಂಬ ಭಯ. ನಂಬಿದರೆ ನಾಲ್ಕನೇ ಸಲ ಮೋಸ ಹೋಗುವ ಭಯ. ಏನು ಮಾಡಲಿ?

ಅಮ್ಮಾ, ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಹೆಚ್ಚು ಸಲ ಓದಿದೆ.

1877ರಲ್ಲಿ ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ ಒಂದು ಹಡಗಿನ ಕಥೆ ಹೇಳಿದ. ಹಡಗು ಹಳೆಯದು, ರಿಪೇರಿ ಬೇಕಿತ್ತು. ಮಾಲೀಕನಿಗೆ ಅನುಮಾನ ಬಂದಿತ್ತು. ಆದರೆ ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತದೆ ಎಂದು ತನ್ನ ಮನಸ್ಸನ್ನು ತಾನೇ ಒಪ್ಪಿಸಿಕೊಂಡು, ಪ್ರಾಮಾಣಿಕವಾಗಿಯೇ ನಂಬಿ, ಜನರನ್ನು ತುಂಬಿ ಕಳಿಸಿದ. ಹಡಗು ಮುಳುಗಿತು. ಕ್ಲಿಫರ್ಡ್ ಅಲ್ಲಿಗೇ ನಿಲ್ಲುವುದಿಲ್ಲ: ಹಡಗು ಕ್ಷೇಮವಾಗಿ ದಡ ಸೇರಿದ್ದರೂ ಅವನು ಅಷ್ಟೇ ತಪ್ಪಿತಸ್ಥ, ಯಾಕೆಂದರೆ ಹಾಗೆ ನಂಬಲು ಅವನಿಗೆ ಹಕ್ಕಿರಲಿಲ್ಲ. ಸಾಲದ ಪುರಾವೆಯ ಮೇಲೆ ಏನನ್ನೇ ನಂಬುವುದೂ ಯಾವಾಗಲೂ, ಎಲ್ಲರಿಗೂ ತಪ್ಪು ಎಂಬುದು ಅವನ ತೀರ್ಪು. 1896ರಲ್ಲಿ ವಿಲಿಯಂ ಜೇಮ್ಸ್ ಇದಕ್ಕೆ ಉತ್ತರ ಕೊಟ್ಟ. ಕೆಲವು ಸಂಗತಿಗಳು ನಾವು ಮೊದಲು ನಂಬದಿದ್ದರೆ ನಿಜವಾಗುವುದೇ ಇಲ್ಲ. ಸ್ನೇಹ ಅಂಥದ್ದು. ಎದುರಿನವನು ನನ್ನನ್ನು ಮೆಚ್ಚುತ್ತಾನೆಂಬ ಪುರಾವೆ ಸಿಗುವವರೆಗೆ ಕಾದು ಕೂತರೆ ಮೆಚ್ಚುಗೆ ಹುಟ್ಟುವುದೇ ಇಲ್ಲ.

ತರಗತಿಯಲ್ಲಿ ನಾನು ಬಹುಕಾಲ ಕ್ಲಿಫರ್ಡನ ಪಕ್ಷ ವಹಿಸಿದೆ. ನಿಮ್ಮ ಪತ್ರದ ಮುಂದೆ ಅದನ್ನು ಪೂರ್ತಿ ಹಿಡಿದು ನಿಲ್ಲಲಾರೆ. ಆದರೆ ಬಿಡಲೂ ಬೇಕಿಲ್ಲ, ಯಾಕೆಂದರೆ ನೀವು ಎರಡು ಬೇರೆ ಬೇರೆ ಸಂಗತಿಗಳನ್ನು ‘ನಂಬುವುದು’ ಎಂಬ ಒಂದೇ ಮಾತಿನಿಂದ ಕರೆಯುತ್ತಿದ್ದೀರಿ. ಅವನು ಕುಡಿಯುತ್ತಿಲ್ಲ ಎಂದು ನಂಬುವುದು ಒಂದು. ಅದು ಹಡಗಿನ ಮರ ಗಟ್ಟಿಯಿದೆಯೇ ಎಂಬಂಥ ಪ್ರಶ್ನೆ. ಮೂರು ಸಲದ ಲೆಕ್ಕ ನಿಮ್ಮ ಮುಂದಿದೆ, ಅದನ್ನು ಅಳಿಸಿ ಹಾಕುವಂತೆ ಮನಸ್ಸನ್ನು ಬಲವಂತ ಮಾಡಬೇಡಿ. ಅವನು ಬಿಡಬಲ್ಲ ಎಂದು ಅವನ ಮೇಲೆ ಭರವಸೆ ಇಡುವುದು ಇನ್ನೊಂದು. ಅದು ಜೇಮ್ಸ್ ಹೇಳಿದ ಜಾತಿಯದು, ನಿಮ್ಮ ಭರವಸೆಯಿಂದ ಅದು ನಿಜವಾಗುವ ಸಾಧ್ಯತೆ ಹೆಚ್ಚುತ್ತದೆ. ಮೊದಲನೆಯದು ಇಲ್ಲದೆಯೂ ಎರಡನೆಯದು ಇರಬಹುದು. “ನೀನು ಬಿಟ್ಟಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ ಕಣೋ. ಬಿಡಬಲ್ಲೆ ಅಂತ ಮಾತ್ರ ನನಗೆ ಭರವಸೆ ಇದೆ, ನಿನ್ನ ಜೊತೆಗಿದ್ದೀನಿ” ಎಂದು ಹೇಳಿದರೆ ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅವನಿಗೂ ಅದು ತಿಳಿಯುತ್ತದೆ.

ಕದ್ದು ಅವನ ಜೇಬು ತಡಕಬೇಡಿ, ಬಾಯಿ ಮೂಸಬೇಡಿ. ಕುಡಿತ ಕಾಯಿಲೆಯೂ ಹೌದು, ವೈದ್ಯರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ. ಮತ್ತೆ ಅವನನ್ನೇ ಒಂದು ಮಾತು ಕೇಳಿ: “ನಾಳೆ ನೀನು ಎಡವಿದರೆ ನನಗೆ ಗೊತ್ತಾಗೋ ದಾರಿ ಯಾವುದು, ನೀನೇ ಹೇಳು.” ದಿನಾ ಸಂಜೆ ಇಂಥ ಹೊತ್ತಿಗೆ ಮನೆಗೆ ಬರುತ್ತೇನೆ ಎನ್ನಬಹುದು, ದುಡ್ಡು ನೀನೇ ಇಟ್ಟುಕೋ ಎನ್ನಬಹುದು, ವೈದ್ಯರು ನಿನಗೆ ನೇರವಾಗಿ ಹೇಳಲಿ ಎನ್ನಬಹುದು. ಯಾವುದಾದರೂ ಸರಿ, ಆ ಬಾಗಿಲನ್ನು ಅವನೇ ತೆರೆದಿಡಬೇಕು. ಹಿಂದಿನ ಮೂರು ಸಲ ಅವನು ಮಾತು ಕೊಟ್ಟಿದ್ದ, ಇಂಥ ಬಾಗಿಲು ತೆರೆದಿಟ್ಟಿದ್ದನೇ? ನಿಮ್ಮ ಪತ್ರದಲ್ಲಿ ಅದಿಲ್ಲ. ಅವನು ಏನು ಹೇಳಿದ ಎಂದು ನನಗೆ ಬರೆಯಿರಿ. ಅಚ್ಚು ಹಾಕುವುದಿಲ್ಲ, ನಾನೇ ಉತ್ತರಿಸುತ್ತೇನೆ.